ಥಾಯ್ಲೆಂಡಿನಲ್ಲಿ ಮಾನ, ಹರಿಹರದಲ್ಲಿ ಮಂಡಕ್ಕಿ

ಲೋಕಜ್ಞಾನ ಬೇರೆ, ಓಣಿಜ್ಞಾನ ಬೇರೆ. ಎರಡೂ ಒಬ್ಬನಲ್ಲೇ ಕೂಡಿ ಬರುವುದು ಅಪರೂಪ. ನನ್ನ ಪಾಲಿಗೆ ಬಂದದ್ದು ಮೊದಲನೆಯದು ಮಾತ್ರ. ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂಗೋಳ ಹೇಳಿಕೊಡುತ್ತಿದ್ದೇನೆ. ಮೆಕಾಂಗ್ ನದಿ ಯಾವ ಯಾವ ದೇಶ ದಾಟಿ ಸಮುದ್ರ ಸೇರುತ್ತದೆಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ನಾವಿರುವ ಕೆ.ಬಿ. ಬಡಾವಣೆಯಲ್ಲಿ ಹಿಟ್ಟಿನ ಗಿರಣಿ ಯಾವ ಕ್ರಾಸಿನಲ್ಲಿದೆ ಎಂದರೆ ತಡವರಿಸುತ್ತೇನೆ. ನನ್ನ ಹೆಂಡತಿ ಗಿರಿಜಾಗೆ ಮೆಕಾಂಗ್ ಗೊತ್ತಿಲ್ಲ, ಗಿರಣಿ ಗೊತ್ತು. ಹೀಗಾಗಿ ನಮ್ಮ ಮನೆಯಲ್ಲಿ ರೊಟ್ಟಿಗೆ ಎಂದೂ ಕೊರತೆಯಾಗಿಲ್ಲ. ಈ ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ನಾನು ಪಿಕಪ್ ಟ್ರಕ್ಕು ಕೊಂಡದ್ದು ಪೂರ್ತಿಯಾಗಿ ಲೋಕಜ್ಞಾನವನ್ನು ನಂಬಿ.

ಎಲ್ಲ ಶುರುವಾದದ್ದು ಬಚ್ಚಲಿನಲ್ಲಿ. ಕಾಲು ಜಾರಿ ಬಿದ್ದು, ಪಾದ ಉಳುಕಿ, ಮೂರು ವಾರ ಮಂಚದ ಮೇಲೆ ಮಲಗಬೇಕಾಯಿತು. ಕೈಯಲ್ಲಿ ಮೊಬೈಲಿತ್ತು. ನದಿಗಳ ವಿಡಿಯೋ ನೋಡುತ್ತಾ ನೋಡುತ್ತಾ ನದಿ ದಾಟುವ ಗಾಡಿಗಳ ವಿಡಿಯೋಗೆ ಬಂದೆ. ಅಲ್ಲಿಂದ ವಾಪಸ್ಸು ಬರಲಿಲ್ಲ. ಪಿಕಪ್ಪನ್ನು ಮುಂದಿನಿಂದ ನೋಡಿದರೆ ಸಾಕ್ಷಾತ್ ಕಾರು. ನಾಲ್ಕು ಬಾಗಿಲು, ಐದು ಜನಕ್ಕೆ ಮೆತ್ತನೆ ಸೀಟು, ತಣ್ಣನೆ ಗಾಳಿ. ಹಿಂದೆ ನೋಡಿದರೆ ಬಯಲು, ಟನ್ನುಗಟ್ಟಲೆ ಸಾಮಾನು ಹೇರಬಹುದಾದ ತೆರೆದ ತೊಟ್ಟಿ. ತೀರಾ ದೊಡ್ಡದೂ ಅಲ್ಲ, ನಮ್ಮ ತರಕಾರಿ ಗಾಡಿಯಷ್ಟು ಸಣ್ಣದೂ ಅಲ್ಲ, ಮಧ್ಯಮ ಗಾತ್ರ. ಥಾಯ್ಲೆಂಡಿನಲ್ಲಿ ಇದರಲ್ಲಿ ಅತ್ತೆ ಮಾವ ಮೊಮ್ಮಕ್ಕಳು ಸಮೇತ ದೇವಸ್ಥಾನಕ್ಕೆ ಹೋಗುತ್ತಾರೆ. ಆಸ್ಟ್ರೇಲಿಯಾದ ಬಡಗಿ ವಾರವೆಲ್ಲ ಇದರಲ್ಲಿ ಹಲಗೆ ಹೊತ್ತು, ಶನಿವಾರ ಅದೇ ಗಾಡಿಯಲ್ಲಿ ನಾಯಿ ಕೂರಿಸಿಕೊಂಡು ಸಮುದ್ರದ ದಂಡೆಗೆ ಹೋಗುತ್ತಾನೆ. ದಕ್ಷಿಣ ಆಫ್ರಿಕದವರು ಇದನ್ನು ಪ್ರೀತಿಯಿಂದ ಬಕ್ಕಿ ಎಂದು ಕರೆಯುತ್ತಾರಂತೆ. ಅರ್ಜೆಂಟೀನಾದಲ್ಲಿ ದನ ಕಾಯುವವರಿಗೆ ಇದು, ಅರಬ್ಬರ ಮರಳುಗಾಡಿನಲ್ಲಿ ಒಂಟೆಗೂ ಇದು. ಅಮೆರಿಕದವರು ಮಾತ್ರ ಇದನ್ನು ನೋಡಿ ಪಾಪ, ಸಣ್ಣ ಗಾಡಿ ಎನ್ನುತ್ತಾರೆ. ಅವರ ಹೊಟ್ಟೆಗೆ ಏನು ಹಾಕಿದರೂ ಸಣ್ಣದೇ. ಒಟ್ಟಿನಲ್ಲಿ ನಾಲ್ಕು ಖಂಡಗಳು ಒಂದೇ ಮಾತಿಗೆ ತಲೆಯಾಡಿಸುವ ವಿಷಯ ಭೂಗೋಳದಲ್ಲಿ ಬಹಳ ಕಡಿಮೆ. ನಾನು ಮಂಚದ ಮೇಲೆ ಮಲಗಿದಲ್ಲೇ ಐದನೆಯವನಾಗಿ ತಲೆಯಾಡಿಸಿದೆ.

ಕಾಲು ನೆಟ್ಟಗಾದ ಮೇಲೆ ಗಿರಿಜಾಳನ್ನು ಶೋರೂಮಿಗೆ ಕರೆದುಕೊಂಡು ಹೋದೆ. ಕಾರು ತೋರಿಸುತ್ತೇನೆ ಎಂದಿದ್ದೆ, ಅದೊಂದು ನನ್ನ ತಪ್ಪು. ಅವಳು ಮುಂಭಾಗ ನೋಡಿ ಮೆಚ್ಚಿಕೊಂಡಳು. ಸೀಟು ಒತ್ತಿ ನೋಡಿ ಇನ್ನೂ ಮೆಚ್ಚಿಕೊಂಡಳು. ಆಮೇಲೆ ನಿಧಾನವಾಗಿ ಹಿಂದಕ್ಕೆ ನಡೆದು ಹೋಗಿ, ತೆರೆದ ತೊಟ್ಟಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಅಲ್ಲಿದ್ದ ಹುಡುಗಿಯನ್ನು ಉಳಿದದ್ದು ಯಾವಾಗ ಕೂಡಿಸಿ ಕೊಡುತ್ತೀರಿ ಎಂದು ಕೇಳಿದಳು. ಗಾಡಿ ಇಷ್ಟೇ ಎಂದು ಆ ಹುಡುಗಿ ಹೇಳಿದಾಗ ಗಿರಿಜಾ ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ನೋಡಿಯೂ ನಾನು ಗಾಡಿ ಬರೆಸಿಬಿಟ್ಟೆ ಎಂದರೆ ಥಾಯ್ಲೆಂಡಿನ ಮೇಲೆ ನನಗಿದ್ದ ನಂಬಿಕೆ ಎಷ್ಟೆಂದು ನೀವೇ ಊಹಿಸಬಹುದು.

ಗಾಡಿ ಮನೆಗೆ ಬಂದ ದಿನ ಪಕ್ಕದ ಮನೆಯ ರುದ್ರಪ್ಪನವರು ತಾವೇ ಮುಂದೆ ನಿಂತು ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಕುಂಕುಮ ಹಚ್ಚಿದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಸಜ್ಜನರು. ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಯಾವ ವ್ಯಾಪಾರ ಶುರು ಮಾಡಿದಿರಿ ಎಂದು ಕೇಳಿದರು. ಯಾವುದೂ ಇಲ್ಲ ಎಂದರೆ ನಂಬಲಿಲ್ಲ. ಕಾಲೇಜಿನಲ್ಲಿ ನಾನು ನೀರಿನ ಕ್ಯಾನು ಹಾಕುತ್ತೇನೆಂದು ಒಂದು ಗುಂಪು, ಶಾಮಿಯಾನ ಬಾಡಿಗೆಗೆ ಕೊಡುತ್ತೇನೆಂದು ಇನ್ನೊಂದು ಗುಂಪು ಸುದ್ದಿ ಹಬ್ಬಿಸಿತು. ಪ್ರಿನ್ಸಿಪಾಲರು ಕರೆಸಿ, ಸರ್ಕಾರಿ ಸಂಬಳ ತೆಗೆದುಕೊಳ್ಳುವವರು ಬೇರೆ ಕಸುಬು ಮಾಡುವಂತಿಲ್ಲ ಎಂದು ನೆನಪಿಸಿ, ಹಾಗೆಯೇ ತಮ್ಮ ತಂಗಿಯ ಮನೆಯ ಬೀರು ಒಂದನ್ನು ಪಿ.ಜೆ. ಬಡಾವಣೆಗೆ ಮುಟ್ಟಿಸಲು ಆಗುತ್ತದೆಯೇ ಎಂದು ವಿಚಾರಿಸಿದರು. ಒಂದು ದಿನ ಆನೆಕೊಂಡದ ಕಡೆ ಹೋಗುತ್ತಿದ್ದಾಗ ಹಸಿ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ಕೈ ಮಾಡಿ ನಿಲ್ಲಿಸಿದಳು. ನಾನು ಏನು ಎಂದು ಕೇಳುವಷ್ಟರಲ್ಲಿ ಹೊರೆ ತೊಟ್ಟಿಗೆ ಬಿದ್ದಿತ್ತು, ಅಜ್ಜಿ ಅದರ ಮೇಲೆ ಕೂತಿದ್ದಳು. ಅವಳ ಮನೆ ಮುಟ್ಟಿಸಿದ ಮೇಲೆ ಅವಳು ನನ್ನನ್ನು ಹರಸಿ, ಗಾಡಿ ತೊಳೆದಿಟ್ಟುಕೋ, ಬಾಡಿಗೆ ಚೆನ್ನಾಗಿ ಸಿಗುತ್ತದೆ ಎಂದು ಬುದ್ಧಿ ಹೇಳಿದಳು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಗಿರಿಜಾಳ ಪ್ರತಿಜ್ಞೆ. ಅವಳು ಆ ಗಾಡಿಯಲ್ಲಿ ಕೂರುವುದಿಲ್ಲ ಎಂದಳು. ನಾಲ್ಕು ತಿಂಗಳು ಕೂರಲಿಲ್ಲ. ಸಂತೆಗೆ ಹೋದರೆ ಅವಳು ಆಟೋದಲ್ಲಿ, ಹಿಂದೆ ನಾನು ಪಿಕಪ್ಪಿನಲ್ಲಿ. ಬರುವಾಗ ತರಕಾರಿ ಚೀಲಗಳು ನನ್ನ ಜೊತೆ, ಅವಳು ಮತ್ತೆ ಆಟೋದಲ್ಲಿ. ಸೌತೆಕಾಯಿಗಿದ್ದ ಧೈರ್ಯ ನಿನಗಿಲ್ಲವೇ ಎಂದು ಒಮ್ಮೆ ಕೇಳಿದೆ. ಥಾಯ್ಲೆಂಡಿನ ಹೆಂಗಸರ ಉದಾಹರಣೆ ಕೊಟ್ಟೆ. ಅವರು ಕೂತರೆ ಕೂರಲಿ, ಅವರ ಬೀಗರು ಹರಿಹರದಲ್ಲಿಲ್ಲ ಎಂದಳು. ನಾಲ್ಕು ಖಂಡ ಗೆದ್ದ ಗಾಡಿ ಒಬ್ಬಳ ಮುಂದೆ ಸೋತು ಕಾಂಪೌಂಡಿನಲ್ಲಿ ನಿಂತಿತ್ತು. ನನಗೆ ನಿಜವಾಗಿ ಬೇಸರವಾಗಿತ್ತು.

ಬೀಗರ ಮಾತು ಸುಮ್ಮನೆ ಬಂದದ್ದಲ್ಲ. ಗಿರಿಜಾಳ ಅಕ್ಕ ಶಾರದಾ, ಅವಳ ಮಗಳು ಚೈತ್ರಾ. ಚೈತ್ರಾಳನ್ನು ಹರಿಹರದ ಭತ್ತದ ವ್ಯಾಪಾರಿ ಶಿವಾನಂದಪ್ಪನವರ ಮನೆಗೆ ಕೊಟ್ಟಿದ್ದರು. ಆ ಮದುವೆಗೆ ನಾನು ಹೋಗಲಾಗಲಿಲ್ಲ. ಪಿಯು ಪರೀಕ್ಷೆಯ ಪತ್ರಿಕೆ ತಿದ್ದಲು ನನ್ನನ್ನು ಪರ ಊರಿಗೆ ಹಾಕಿದ್ದರು, ಬಿಡಲಿಲ್ಲ. ಮೇಷ್ಟ್ರಾಗಿ ಹುಟ್ಟಿದವರಿಗೆ ನೆಂಟರ ಮದುವೆಗಳೆಲ್ಲ ವ್ಯಾಲ್ಯುವೇಷನ್ನಿನಲ್ಲೇ ಬರುವುದು ಹಣೆಬರಹ. ಶಿವಾನಂದಪ್ಪನವರ ಹೆಂಡತಿ ಗೌರಮ್ಮ ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಹುಡುಗಿಯ ಚಿಕ್ಕಪ್ಪ ಎಂಬವರು ನಿಜವಾಗಿ ಇದ್ದಾರೋ ಇಲ್ಲವೋ ಎಂದು ನಾಲ್ಕು ಜನರ ಎದುರು ಕೇಳಿದ್ದರಂತೆ. ಈಗ ಚೈತ್ರಾಗೆ ಏಳು ತಿಂಗಳು. ಗುರುವಾರ ಅತ್ತೆಯ ಮನೆಯಲ್ಲಿ ಕುಬಸ, ತವರಿನ ಕಡೆಯವರು ಬುತ್ತಿ ಕಟ್ಟಿಕೊಂಡು ಹೋಗಿ ಬಸುರಿಗೆ ಉಡಿ ತುಂಬುವ ಕಾರ್ಯ. ಬುತ್ತಿಯೆಂದರೆ ಒಂದು ಡಬ್ಬಿಯಲ್ಲ. ಹೋಳಿಗೆ, ಕಡುಬು, ಕರ್ಚಿಕಾಯಿ, ಬಗೆಬಗೆ ಪಲ್ಯ ತುಂಬಿದ ಬುಟ್ಟಿಗಳು. ಅಷ್ಟು ಬುಟ್ಟಿ ಆಟೋದಲ್ಲಿ ಹಿಡಿಯುವುದಿಲ್ಲ. ಗಿರಿಜಾ ಎರಡು ದಿನ ಯೋಚಿಸಿ, ಬುಧವಾರ ಸಂಜೆ ನನ್ನ ಎದುರು ಕೂತು ಷರತ್ತು ಹಾಕಿದಳು.

"ನಾಳೆ ನಿಮ್ಮ ಗಾಡಿಯಾಗೆ ಬರ್ತೀನಿ. ಮಾನದಿಂದ ಹೋಗಿ ಮಾನದಿಂದ ಬಂದ್ವಿ ಅಂದ್ರೆ ಗಾಡಿ ಮನೆಯಾಗಿರ್ಲಿ. ಬೀಗರ ಮುಂದೆ ನನ್ನ ತಲೆ ತಗ್ತು ಅಂದ್ರೆ ಮುಂದಿನ ವಾರ ಅದನ್ನ ಮಾರಬೇಕು. ಆಮ್ಯಾಲೆ ಥಾಯ್ಲೆಂಡು ಗೀಯ್ಲೆಂಡು ಅನ್ನಂಗಿಲ್ಲ."

ಒಪ್ಪಿದೆ. ಗುರುವಾರ ರಜೆ ಹಾಕಿ, ಬೆಳಗ್ಗೆ ಎದ್ದು ಗಾಡಿಯನ್ನು ಮದುವಣಗಿತ್ತಿಯ ಹಾಗೆ ತೊಳೆದೆ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲಿಗೆ ಶಲ್ಯ. ಬುಟ್ಟಿಗಳನ್ನು ಹಿಂದಿನ ಸೀಟಿನಲ್ಲಿ ಸಾಲಾಗಿ ಕೂರಿಸಿದೆವು. ತೊಟ್ಟಿಯಲ್ಲಿ ಏನೂ ಇಡಕೂಡದು, ಖಾಲಿ ಇದ್ದರೆ ಸ್ವಲ್ಪವಾದರೂ ಕಾರಿನ ಹಾಗೆ ಕಾಣುತ್ತದೆ ಎಂದು ಗಿರಿಜಾ ಅಪ್ಪಣೆ ಮಾಡಿದಳು. ರೇಷ್ಮೆ ಸೀರೆಯುಟ್ಟು ಅವಳು ಮುಂದಿನ ಸೀಟಿಗೆ ಹತ್ತಿ ಕೂತಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಗಾಡಿ ಚಾಲೂ ಮಾಡದೆ ಒಂದು ನಿಮಿಷ ಸುಮ್ಮನೆ ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಎತ್ತರದ ಸೀಟಿನಿಂದ ಓಣಿಯೆಲ್ಲ ಕಾಣುತ್ತಿತ್ತು. ಅವಳಿಗೂ ಅದು ಹಿಡಿಸಿತೆಂದು ಕಾಣುತ್ತದೆ, ಎದುರು ಮನೆಯವರು ಮಹಡಿಯ ಮೇಲೆ ಹಪ್ಪಳ ಒಣಗಿಸಿದ್ದಾರೆ ಎಂದಳು.

ಅಲ್ಲಿಂದ ನೆಟ್ಟಗೆ ಹರಿಹರಕ್ಕೆ ಹೋಗಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಚೈತ್ರಾಗೆ ಬಯಕೆ. ಹರಿಹರದಲ್ಲಿ ಏನೇ ತಿಂದರೂ ಬಾಯಿಗೆ ಹತ್ತುತ್ತಿಲ್ಲ, ದಾವಣಗೆರೆಯ ಭಟ್ಟಿಯಿಂದ ಆಗಷ್ಟೇ ಹುರಿದ ಬಿಸಿ ಮಂಡಕ್ಕಿ ಬೇಕು ಎಂದು ಚಿಕ್ಕಮ್ಮನಿಗೆ ಫೋನು ಮಾಡಿದ್ದಳು. ಬಸುರಿ ಕೇಳಿದ್ದನ್ನು ಇಲ್ಲ ಎನ್ನುವುದುಂಟೇ? ಮಂಡಕ್ಕಿ ಭಟ್ಟಿಗಳ ಕಡೆ ತಿರುಗಿಸಿದೆ. ಒಂದು ಭಟ್ಟಿಯ ಮುಂದೆ ವಿಶಾಲವಾದ ಜಾಗವಿತ್ತು. ನನ್ನ ಗಾಡಿಯಲ್ಲಿ ಹಿಂದಕ್ಕೆ ಹೋಗುವಾಗ ಎದುರಿನ ಪರದೆಯಲ್ಲಿ ಹಿಂದಿನದೆಲ್ಲ ಕಾಣುತ್ತದೆ, ಹಸಿರು ಗೆರೆ, ಹಳದಿ ಗೆರೆ, ಕೆಂಪು ಗೆರೆ. ನಾಲ್ಕು ತಿಂಗಳಿಂದ ಅದನ್ನು ಹೆಂಡತಿಗೆ ತೋರಿಸಲು ಕಾದಿದ್ದೆ. ಬೇಡ ಬೇಡ ಎಂದರೂ ಕೇಳದೆ, ಗೆರೆ ನೋಡು, ಗೆರೆ ನೋಡು ಎನ್ನುತ್ತಾ, ಗಾಡಿಯ ಹಿಂಭಾಗವನ್ನು ಭಟ್ಟಿಯ ಬಾಗಿಲಿಗೆ ಕೂದಲೆಳೆಯ ಅಂತರದಲ್ಲಿ ತಂದು ನಿಲ್ಲಿಸಿದೆ. ಗಿರಿಜಾ ಕೂಡ ಭಲೇ ಎನ್ನುವಂತೆ ನೋಡಿದಳು. ಇಬ್ಬರೂ ಇಳಿದು, ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ, ಹೊಸ ಹುರಿ ಆಗುವವರೆಗೆ ಮಾಲೀಕರ ಹತ್ತಿರ ಮಾತಾಡುತ್ತಾ ಕೂತೆವು. ಬಿಸಿ ಮಂಡಕ್ಕಿಗೆ ಖಾರ ಹಚ್ಚಿ, ಮೆಣಸಿನಕಾಯಿ ಬಜ್ಜಿ ತರಿಸಿ ಕೊಟ್ಟರು. ತಿಂದೆವು. ಮಂಡಕ್ಕಿ ಮೆಣಸಿನಕಾಯಿ ಎದುರಿಗಿದ್ದಾಗ ದಾವಣಗೆರೆಯವರಿಗೆ ಗಡಿಯಾರ ಕಾಣುವುದಿಲ್ಲ.

ಓಣಿಜ್ಞಾನ ಇದ್ದವರಿಗೆ ಮುಂದೇನಾಯಿತೆಂದು ಈಗಾಗಲೇ ಗೊತ್ತಾಗಿರುತ್ತದೆ. ಭಟ್ಟಿಯ ಹಮಾಲರು ಯಾರನ್ನೂ ಏನೂ ಕೇಳುವುದಿಲ್ಲ. ಮುಖ ಬಾಗಿಲಿಗೆ ಮಾಡಿ ನಿಲ್ಲಿಸಿದ ಗಾಡಿ ನೆಂಟರದು, ಬೆನ್ನು ಬಾಗಿಲಿಗೆ ಮಾಡಿ ನಿಲ್ಲಿಸಿದ ಗಾಡಿ ಲೋಡಿನದು. ಇದು ಅಲ್ಲಿನ ಶಾಸ್ತ್ರ. ಹರಿಹರದ ಅಂಗಡಿಯೊಂದಕ್ಕೆ ಹೋಗಬೇಕಾದ ಮಾಲು ಬೆಳಗಿನಿಂದ ಕಾಯುತ್ತಿತ್ತು, ಬರಬೇಕಾದ ಗಾಡಿ ಕೆಟ್ಟು ನಿಂತಿತ್ತು, ಬದಲಿ ಗಾಡಿ ಬಂತೆಂದು ಅವರು ತಿಳಿದರು. ನಾವು ಹೊರಗೆ ಬಂದಾಗ ನನ್ನ ಗಾಡಿ ಇರಲಿಲ್ಲ. ಅದರ ಜಾಗದಲ್ಲಿ ಮಂಡಕ್ಕಿ ಚೀಲಗಳ ಒಂದು ಗುಡ್ಡವಿತ್ತು, ಗುಡ್ಡದ ಮುಂದುಗಡೆ ನನ್ನ ಗಾಡಿಯ ಮೂತಿ ಕಾಣುತ್ತಿತ್ತು. ಮಂಡಕ್ಕಿಗೆ ಭಾರವಿಲ್ಲ, ಆದ್ದರಿಂದ ಇಷ್ಟೇ ಏರಿಸಬೇಕೆಂಬ ಮಿತಿಯೂ ಇಲ್ಲ. ಮೂವತ್ತು ಚೀಲ. ಮೇಲೆ ಹಗ್ಗ ಬಿಗಿದು ಗಂಟು ಹಾಕುತ್ತಿದ್ದರು.

ನಾನು ಕೂಗಾಡಿದೆ. ಭಟ್ಟಿಯ ಮಾಲೀಕರು ನೊಂದುಕೊಂಡರು. ಹಮಾಲರ ಮೇಸ್ತ್ರಿ ಮಾತ್ರ ಬೀಡಿ ಹಚ್ಚಿಕೊಂಡು ಸಮಾಧಾನದಿಂದ ವಿಷಯ ವಿವರಿಸಿದ. ಏರಿಸುವುದು ಅವರ ಕೆಲಸ, ಇಳಿಸುವುದು ಹರಿಹರದವರ ಕೆಲಸ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವ ಪದ್ಧತಿಯಿಲ್ಲ. ಗಿರಿಜಾ ಮುಂದೆ ಬಂದು, ಕುಬಸದ ಹೊತ್ತು ಮೀರುತ್ತದೆ, ದಯವಿಟ್ಟು ಇಳಿಸಿ ಎಂದಳು. ಮೇಸ್ತ್ರಿ ಬೀಡಿ ಕೆಳಗೆ ಹಾಕಿ ಅವಳನ್ನು ನೋಡಿದ.

"ಕುಬಸಕ್ಕೆ ಹೊಂಟೀರೇನವ್ವಾ? ತುಂಬಿದ ಹೆಣ್ಮಗಳ ಕಾರ್ಯಕ್ಕೆ ಹೋಗೋ ಮುಂದೆ ತುಂಬಿದ ಗಾಡಿ ಬರಿದು ಮಾಡಿಸ್ತೀರೇನು?"

ಅಲ್ಲಿಗೆ ಮುಗಿಯಿತು. ಗಿರಿಜಾಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಈ ಚೀಲಗಳು ಇನ್ನು ಇಳಿಯುವುದಿಲ್ಲ. ಅವಳು ಗಾಡಿ ಹತ್ತಿ ಕೂತಳು. ಹೇಗೂ ಹರಿಹರಕ್ಕೇ ಹೊರಟಿದ್ದೀರಿ, ದಾರಿಯಲ್ಲಿ ಅಂಗಡಿ ಮುಂದೆ ಇಳಿಸಿಬಿಡಿ ಎಂದು ಮಾಲೀಕರು ಕೈ ಮುಗಿದು ವಿಳಾಸ ಹೇಳಿದರು.

ಮೊದಲೇ ಹೇಳಿದಂತೆ ಗಾಡಿ ಟನ್ನುಗಟ್ಟಲೆ ಹೊರುವಂಥದ್ದು. ಇಲ್ಲಿ ಭಾರ ಏನೇನೂ ಇಲ್ಲ, ಎತ್ತರ ಮಾತ್ರ ಇದೆ. ಗಾಳಿ ಬೀಸಿದ ಕಡೆಗೆಲ್ಲ ಗುಡ್ಡ ವಾಲುತ್ತಿತ್ತು. ಅರ್ಧ ದಾರಿಗೆ ಒಂದು ಚೀಲದ ಹೊಲಿಗೆ ಬಿಟ್ಟು ಮಂಡಕ್ಕಿ ಹಾರತೊಡಗಿತು. ಹಿಂದೆ ಬರುತ್ತಿದ್ದ ಬೈಕಿನವರು ಮೊದಲು ಬೈದು, ಆಮೇಲೆ ಬಾಯಿ ತೆರೆದುಕೊಂಡೇ ಬಂದರು. ನಾನು ಗಾಡಿ ನಿಲ್ಲಿಸಿ, ಪಂಚೆ ಮೇಲೆ ಕಟ್ಟಿ, ಶಲ್ಯವನ್ನು ತಲೆಗೆ ಸುತ್ತಿ, ಚೀಲಗಳ ಮೇಲೆ ಹತ್ತಿ ಹಗ್ಗ ಬಿಗಿದೆ. ಚೀಲಗಳಿಗೆ ಭಟ್ಟಿಯ ಮಸಿ ಅಂಟಿತ್ತು. ಕೆಳಗಿಳಿದಾಗ ನನ್ನ ಬಿಳಿ ಅಂಗಿ ಬಿಳಿ ಎಂದು ನಾನು ಹೇಳಿದರೆ ಮಾತ್ರ ಗೊತ್ತಾಗುವ ಹಾಗಿತ್ತು. ಹರಿಹರಕ್ಕೆ ಬಂದು ವಿಳಾಸ ಹುಡುಕಿದರೆ ಅಂಗಡಿಗೆ ಬೀಗ. ಮಾಲು ಬರಲಿಲ್ಲವೆಂದು ಅಂಗಡಿಯವನು ಕೆಟ್ಟ ಗಾಡಿಯನ್ನು ಹುಡುಕಿಕೊಂಡು ಹೋಗಿದ್ದಾನೆ ಎಂದು ಪಕ್ಕದವರು ಹೇಳಿದರು. ಇತ್ತ ಶಾರದಾಳ ಫೋನು ಮೇಲೆ ಫೋನು, ಬುತ್ತಿ ಎಲ್ಲಿ, ಮುತ್ತೈದೆಯರು ಕಾಯುತ್ತಿದ್ದಾರೆ ಎಂದು. ಬೇರೆ ದಾರಿಯಿರಲಿಲ್ಲ. ಬೀಗರ ಓಣಿಗೆ ಗುಡ್ಡ ಸಮೇತ ತಿರುಗಿಸಿದೆ.

ಮನೆಯ ಮುಂದೆ ಹಸಿರು ಚಪ್ಪರ. ಗೌರಮ್ಮನವರು ಆರತಿ ತಟ್ಟೆ ಹಿಡಿದವರ ಜೊತೆ ಬಾಗಿಲಲ್ಲೇ ನಿಂತಿದ್ದರು. ಗಿರಿಜಾ ರೇಷ್ಮೆ ಸೀರೆ ಸರಿಪಡಿಸಿಕೊಂಡು ಒಂದು ಕಡೆಯಿಂದ ಇಳಿದಳು, ನಾನು ತಲೆಗೆ ಸುತ್ತಿದ ಶಲ್ಯದ ಸಮೇತ ಇನ್ನೊಂದು ಕಡೆಯಿಂದ ಇಳಿದೆ. ಗೌರಮ್ಮನವರ ಕಣ್ಣು ಚೀಲದ ತುದಿಯವರೆಗೆ ಹೋಗಿ, ಅಲ್ಲಿಂದ ನನ್ನ ಮೇಲೆ ಇಳಿದು, ನನ್ನಲ್ಲಿ ನಿಲ್ಲದೆ ಗಿರಿಜಾಳ ಕಡೆ ಹೋಯಿತು.

"ಬರ್ರಿ ಬರ್ರಿ. ಡ್ರೈವರ್‌ಗೆ ಗಾಡಿ ಆ ಬೇವಿನ ಗಿಡದ ನೆಳ್ಳಿಗೆ ಹಚ್ಚಾಕ ಹೇಳ್ರಿ. ಯಾಕ್ರಿ, ನಿಮ್ಮ ಯಜಮಾನ್ರು ಈ ಸಲನೂ ಬರ್ಲಿಲ್ಲೇನು?"

ಗಿರಿಜಾ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಇಪ್ಪತ್ತು ಜನ ಹೆಂಗಸರು ಉತ್ತರಕ್ಕಾಗಿ ಕಾಯುತ್ತಿದ್ದರು. ನಾನೇ ಯಜಮಾನ ಎಂದು ಒಂದು ಮಾತು ಹೇಳಿದರೆ ಅವಳ ತಲೆ ತಗ್ಗುತ್ತದೆ, ಅವಳ ತಲೆ ತಗ್ಗಿದರೆ ಮುಂದಿನ ವಾರ ಗಾಡಿ ಹೋಗುತ್ತದೆ. ಮನುಷ್ಯನಿಗೆ ಅವಮಾನ ತಾಳುವ ಶಕ್ತಿ ಎಷ್ಟಿದೆ ಎಂಬುದು ಅವನಿಗೆ ಏನು ಬೇಕಾಗಿದೆ ಎಂಬುದರ ಮೇಲೆ ನಿಂತಿರುತ್ತದೆ. ನನಗೆ ಗಾಡಿ ಬೇಕಾಗಿತ್ತು. ಅವಳು ಬಾಯಿ ತೆರೆಯುವ ಮೊದಲೇ ನಾನು ಶಲ್ಯ ಬಿಚ್ಚಿ ಕಂಕುಳಲ್ಲಿ ಇರಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದೆ.

"ಸಾಹೇಬ್ರಿಗೆ ಕಾಲೇಜಾಗೆ ಪರೀಕ್ಷೆ ಐತ್ರಿ ಅಮ್ಮಾರೆ," ಎಂದೆ. "ಬುಟ್ಟಿ ಎಲ್ಲಿ ಇಳಸ್ಲಿ?"

ಬುಟ್ಟಿಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದೆ. ನಡುಮನೆಯಲ್ಲಿ ಹಸಿರು ಸೀರೆಯುಟ್ಟು ಕೂತಿದ್ದ ಚೈತ್ರಾ ನನ್ನನ್ನು ನೋಡಿ ಚಿಕ್ಕಪ್ಪಾ ಎನ್ನಲು ಬಾಯಿ ತೆರೆದಳು. ಶಾರದಾ ಆ ಬಾಯಿಗೆ ಹೋಳಿಗೆ ತುರುಕಿದಳು. ಅಕ್ಕತಂಗಿಯರ ನಡುವೆ ಕಣ್ಣಿನಲ್ಲೇ ಎಲ್ಲ ಮಾತುಕತೆ ಆಗಿಹೋಗಿತ್ತು. ಬಸುರಿಗೆ ವಿಷಯ ತಿಳಿದ ಮೇಲೆ ಅವಳು ನಗತೊಡಗಿದವಳು ನಿಲ್ಲಿಸಲಿಲ್ಲ. ಆರತಿ ಎತ್ತುವಾಗಲೂ ನಕ್ಕಳು, ಉಡಿ ತುಂಬುವಾಗಲೂ ನಕ್ಕಳು. ನಗುವ ಬಸುರಿಗೆ ನಗುವ ಮಗು ಹುಟ್ಟುತ್ತದೆ ಎಂದು ಹಿರಿಯ ಮುತ್ತೈದೆಯೊಬ್ಬರು ಹೇಳಿದರು. ಕಾರ್ಯ ಬಹಳ ಚೆನ್ನಾಗಿ ಆಗುತ್ತಿದೆ ಎಂದು ಎಲ್ಲರೂ ಸಂತೋಷಪಟ್ಟರು.

ನನಗೆ ಹೊರಗೆ ಜಗಲಿಯ ಮೇಲೆ ಎಲೆ ಹಾಕಿದರು. ಒಂದು ಸತ್ಯ ಹೇಳುತ್ತೇನೆ, ನೆಂಟನಾಗಿ ನಾನು ಅಂಥ ಊಟ ಎಂದೂ ಮಾಡಿಲ್ಲ. ನೆಂಟರಿಗೆ ಸಾಕೇ ಎಂದು ಕೇಳಿ ಬಡಿಸುತ್ತಾರೆ. ಡ್ರೈವರಿಗೆ, ದೂರ ಹೋಗಬೇಕಪ್ಪ, ತಿನ್ನು ಎಂದು ಕೇಳದೆ ಬಡಿಸುತ್ತಾರೆ. ಅಡುಗೆಯವರು ಬಾಣಲೆಯಿಂದ ಇಳಿದ ಮೊದಲ ಮಿರ್ಚಿಯನ್ನು ನೇರ ನನಗೇ ತಂದು ಹಾಕಿದರು. ನನ್ನ ಊಟ ಇನ್ನೂ ನಡೆದಿರುವಾಗಲೇ ಶಿವಾನಂದಪ್ಪನವರು ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದರು. ದಪ್ಪ ಮೀಸೆ, ಹಣೆಯ ತುಂಬ ವಿಭೂತಿ, ನಿಧಾನದ ಮನುಷ್ಯ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಾಲಿಗೆ ಒದ್ದು, ಮುಂದಿನ ಸೀಟಿಗೆ ಇಣುಕಿ ನೋಡಿ ನನ್ನ ಪಕ್ಕ ಬಂದು ಕೂತರು. ಕಾರಿನ ಹಾಗೂ ಇದೆ, ಲಾರಿಯ ಹಾಗೂ ಇದೆ, ಇಂಥದ್ದನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು.

ನಾನು ನಾಲ್ಕು ತಿಂಗಳಿಂದ ಈ ಪ್ರಶ್ನೆಗಾಗಿ ಕಾದಿದ್ದೆ. ಥಾಯ್ಲೆಂಡಿನಿಂದ ಶುರು ಮಾಡಿದೆ. ಅಲ್ಲಿ ನಮ್ಮ ಹಾಗೆಯೇ ಭತ್ತ ಬೆಳೆಯುತ್ತಾರೆ, ಬೆಳಗ್ಗೆ ಗದ್ದೆಗೂ ಸಂಜೆ ಬೀಗರ ಮನೆಗೂ ಒಂದೇ ಗಾಡಿ, ಯಾರ ಮಾನವೂ ಹೋಗುವುದಿಲ್ಲ ಎಂದೆ. ಭತ್ತ ಎಂದ ಕೂಡಲೇ ಶಿವಾನಂದಪ್ಪನವರು ಇನ್ನೂ ಹತ್ತಿರ ಸರಿದರು. ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋದೆ, ಬಡಗಿಯನ್ನೂ ಅವನ ನಾಯಿಯನ್ನೂ ತೋರಿಸಿದೆ. ಅವರು ಆಮ್ಯಾಲೆ ಎಂದರು. ಓದುಗರೇ, ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಇದು ಪರೀಕ್ಷೆಗೆ ಬರುತ್ತದಾ ಸರ್ ಎಂದು ಕೇಳಿದವರಿದ್ದಾರೆ, ಆಮ್ಯಾಲೆ ಎಂದವರು ಒಬ್ಬರೂ ಇಲ್ಲ. ನನ್ನ ಕಣ್ಣು ತುಂಬಿ ಬಂತು. ಮಿರ್ಚಿಯ ಖಾರವೆಂದು ಹೇಳಿ ಒರೆಸಿಕೊಂಡೆ. ಇದೇ ಹೊತ್ತಿಗೆ ಮಂಡಕ್ಕಿ ಅಂಗಡಿಯವನು ಹೇಗೋ ಸುಳಿವು ಹಿಡಿದು ಆಳುಗಳ ಸಮೇತ ಬಂದು, ಬೆಳಗಿನಿಂದ ಎಲ್ಲಿ ಹಾಳಾಗಿ ಹೋಗಿದ್ದೆ, ಮಾಲು ಹಾಕಿಕೊಂಡು ಊಟಕ್ಕೆ ಕೂತಿದ್ದೀಯಲ್ಲ ಎಂದು ನನ್ನ ಮೇಲೆ ಏರಿ ಬಂದ. ಶಿವಾನಂದಪ್ಪನವರು ಎದ್ದು ಅವನನ್ನು ಗದರಿಸಿದರು. ಊಟಕ್ಕೆ ಕೂತವನನ್ನು ಎಬ್ಬಿಸುವ ಪದ್ಧತಿ ತಮ್ಮ ಮನೆಯಲ್ಲಿಲ್ಲ, ಚೀಲ ಇಳಿಸಿಕೊಂಡು ಸುಮ್ಮನೆ ಹೋಗು ಎಂದರು. ಹೊಲಿಗೆ ಬಿಟ್ಟ ಚೀಲವನ್ನು ಸೊಸೆಯ ಬಯಕೆಗೆಂದು ಇಟ್ಟುಕೊಂಡರು. ಆಮೇಲೆ ಮತ್ತೆ ಕೂತು, ಅರೆಮನಸ್ಸಿನಿಂದ ಅಲ್ಲ, ನಿಜವಾದ ಕುತೂಹಲದಿಂದ ನನ್ನನ್ನು ನೋಡಿದರು.

"ನಿನಗೆ ಇಷ್ಟೆಲ್ಲಾ ಹೆಂಗೆ ಗೊತ್ತಪ್ಪಾ?"

ನಮ್ಮ ಸಾಹೇಬರು ಗಾಡಿಯಲ್ಲಿ ಕೂತರೆ ಇದನ್ನೇ ಹೇಳುತ್ತಿರುತ್ತಾರೆ, ಕೇಳಿ ಕೇಳಿ ಬಂತು ಎಂದೆ. ನಿಮ್ಮ ಸಾಹೇಬರು ಎಂಥ ಮನುಷ್ಯ ಎಂದು ಕೇಳಿದರು. ತನ್ನ ಬಗ್ಗೆ ತಾನೇ ಮೂರನೆಯವನಾಗಿ ಅಭಿಪ್ರಾಯ ಹೇಳುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಬಹಳ ಓದಿಕೊಂಡಿದ್ದಾರೆ, ಚಿನ್ನದಂಥ ಮನಸ್ಸು ಎಂದು ಹೇಳಬೇಕೆಂದೇ ಹೊರಟೆ. ಆದರೆ ಡ್ರೈವರನ ಬಾಯಲ್ಲಿ ಅದು ಸುಳ್ಳಿನ ಹಾಗೆ ಕೇಳಿಸುತ್ತದೆಂದು ಅನ್ನಿಸಿ, ಮನುಷ್ಯ ಒಳ್ಳೆಯವರೇ, ಸ್ವಲ್ಪ ತಲೆ ತಿನ್ನುತ್ತಾರೆ, ಅಮ್ಮಾವರು ಇರುವುದಕ್ಕೆ ಮನೆ ನಡೆದಿದೆ ಎಂದೆ. ಹೇಳಿದ ಮೇಲೆ ಅದು ನಿಜವೆಂದು ಹೊಳೆಯಿತು. ಶಿವಾನಂದಪ್ಪನವರು ತಲೆಯಾಡಿಸಿ, ಓದಿದವರ ಹಣೆಬರಹ ಅಷ್ಟೇ ಎಂದು ಸಮಾಧಾನ ಹೇಳಿ, ಮುಂದೆ ಹೇಳು ಎಂದರು. ನಾನು ದಕ್ಷಿಣ ಆಫ್ರಿಕ ಶುರು ಮಾಡಿದ್ದೆ, ಬಕ್ಕಿಯ ಬಾಗಿಲು ತೆಗೆದಿದ್ದೆ. ಒಳಗಿನಿಂದ ಗಿರಿಜಾ ಹೊರಡುವ ಹೊತ್ತಾಯಿತೆಂದು ಕರೆದಳು.

ಗೌರಮ್ಮನವರು ಡ್ರೈವರಿಗೆ ಒಂದು ಟವೆಲ್ಲನ್ನೂ ಹೋಳಿಗೆಯ ಒಂದು ಪೊಟ್ಟಣವನ್ನೂ ಕೊಟ್ಟರು. ಬರಲಾಗದ ಯಜಮಾನರಿಗೆಂದು ಗಿರಿಜಾಳ ಕೈಯಲ್ಲಿ ಇನ್ನೊಂದು ಪೊಟ್ಟಣ. ಆಮೇಲೆ ಬಿಚ್ಚಿ ನೋಡಿದೆ, ಡ್ರೈವರನದೇ ದೊಡ್ಡದಿತ್ತು. ಊರ ಹೊರಗೆ ಬಂದೆವು. ಮೊದಲು ಗಿರಿಜಾಳ ಭುಜ ಅಲುಗಿತು, ಆಮೇಲೆ ಬಳೆ, ಆಮೇಲೆ ಅವಳು ಸೆರಗು ಬಾಯಿಗೆ ಹಿಡಿದು ನಕ್ಕ ನಗೆಗೆ ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣೊರೆಸಿಕೊಂಡು ಅವಳು, ಮಾನದಿಂದ ಹೋಗಿ ಮಾನದಿಂದ ಬಂದ ಹಾಗಾಯಿತು, ಗಾಡಿ ಇರಲಿ ಎಂದಳು. ಯಾರ ಮಾನ ಎಂದು ನಾನು ಕೇಳಲಿಲ್ಲ. ಗೆದ್ದವನು ಹೆಚ್ಚು ಮಾತಾಡಬಾರದು.

ಈಗ ಅವಳು ಎಲ್ಲಿಗೆ ಹೋದರೂ ಪಿಕಪ್ಪಿನಲ್ಲೇ ಹೋಗುತ್ತಾಳೆ. ಆದರೆ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ಅದೇ ಅನುಕೂಲವಂತೆ. ಮೊನ್ನೆ ಶಿವಾನಂದಪ್ಪನವರು ನನ್ನ ನಂಬರಿಗೆ ಫೋನು ಮಾಡಿದರು. ನಾನು ಕಾಲೇಜಿನ ಗಂಭೀರ ದನಿ ತೆಗೆದು ಮಾತಾಡಿದೆ. ಮೇಷ್ಟ್ರಿಗೆ ಬಿಡುವಿಲ್ಲವಲ್ಲ, ಅದಕ್ಕೆ ಭಾನುವಾರ ತಾವೇ ಗೌರಮ್ಮನವರ ಜೊತೆ ದಾವಣಗೆರೆಗೆ ನಮ್ಮ ಮನೆಗೆ ಬರುತ್ತಿರುವುದಾಗಿ ಹೇಳಿದರು. ಇಂಥದ್ದೇ ಒಂದು ಗಾಡಿ ತೆಗೆದುಕೊಳ್ಳುವ ಮನಸ್ಸಾಗಿದೆಯಂತೆ. ನಾನು ಉಬ್ಬಿ ಹೋದೆ. ಬನ್ನಿ, ನಾನೇ ಎಲ್ಲ ವಿವರವಾಗಿ ಹೇಳುತ್ತೇನೆ ಎಂದೆ. ಅವರು ಸ್ವಲ್ಪ ಸಂಕೋಚಪಟ್ಟುಕೊಂಡರು.

"ನಿಮಗ್ಯಾಕ್ರಿ ತ್ರಾಸು. ಡ್ರೈವರ್ ಒಬ್ಬ ಇದ್ರೆ ಸಾಕು. ಭಾಳ ತಿಳ್ಕಂಡಾನೆ ಅವ್ನು."

ಒಂದು ಕ್ಷಣ ನನಗೆ ಆ ಡ್ರೈವರನ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು. ಫೋನಿಟ್ಟು ಗಿರಿಜಾಳ ಹತ್ತಿರ ಓಡಿದೆ, ಒಬ್ಬನೇ ಮನುಷ್ಯ ಇಬ್ಬರಾಗಿ ಬಾಗಿಲು ತೆಗೆಯುವುದು ಹೇಗೆ ಎಂದು ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ತಲೆ ಎತ್ತದೆ, ಮೇಷ್ಟ್ರು ಈ ಸಲವೂ ಊರಲ್ಲಿಲ್ಲ ಎಂದರಾಯಿತು, ಅವರಿಗೆ ಬೇಕಾಗಿರುವುದು ಡ್ರೈವರು ತಾನೇ ಎಂದಳು. ಪ್ರತಿಭಟಿಸಬೇಕೆಂದುಕೊಂಡೆ. ಆದರೆ ನಾಳೆಯೇ ಭಾನುವಾರ, ಹೊತ್ತಿಲ್ಲ. ಮಾತು ಕಳೆದ ಸಲ ಆಫ್ರಿಕಕ್ಕೆ ನಿಂತಿದೆ. ಅರ್ಜೆಂಟೀನಾದ ಟಿಪ್ಪಣಿ ಇನ್ನೂ ಅರ್ಧ ಬಾಕಿಯಿದೆ.